ಜೀರ್ಣೋದ್ಧಾರದ ಧರ್ಮ

ಪಿತ್ರಾರ್ಜಿತ ಎಂಬ ಮಾತನ್ನು ನಾವು ಹೆಚ್ಚಾಗಿ ಕೇಳುವುದು ವಕೀಲರ ಬಾಯಲ್ಲಿ. ಮನೆ, ಹೊಲ, ಒಡವೆ, ಬ್ಯಾಂಕಿನಲ್ಲಿಟ್ಟ ಹಣ ಇವುಗಳನ್ನು ಹೇಗೆ ಹಂಚಬೇಕು, ಯಾರಿಗೆ ಎಷ್ಟು ಸಲ್ಲಬೇಕು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿದೆ. ಆ ಉತ್ತರ ಎಲ್ಲರಿಗೂ ಒಪ್ಪಿಗೆಯಾಗದಿರಬಹುದು, ಉತ್ತರವಂತೂ ಇದೆ. ಹಂಚಲಾಗದ ವಸ್ತುಗಳ ಮಾತು ಬೇರೆ. ಅಜ್ಜಿಯ ಒರಳುಕಲ್ಲು, ತಾತನ ಮರದ ಪೆಟ್ಟಿಗೆ, ಅಪ್ಪನ ಕೈಗಡಿಯಾರ ಇವು ಇರುವುದು ಒಬ್ಬರ ಮನೆಯಲ್ಲಿ, ಎಲ್ಲರ ಮನಸ್ಸಿನಲ್ಲಿ. ಇಂಥವುಗಳ ವಿಷಯದಲ್ಲಿ ಪಾಲಿಗಿಂತ ಪಾಲನೆಯ ಪ್ರಶ್ನೆಯೇ ದೊಡ್ಡದು. ಇದ್ದದ್ದನ್ನು ಇದ್ದ ಹಾಗೆಯೇ ಕಾಪಾಡಬೇಕು ಎನ್ನುತ್ತೇವೆ. ಇದ್ದ ಹಾಗೆ ಎಂದರೆ ಯಾವಾಗ ಇದ್ದ ಹಾಗೆ? ಅಂಗಡಿಯಿಂದ ಬಂದ ದಿನವೆ, ಅಪ್ಪ ಬಳಸುತ್ತಿದ್ದ ದಿನಗಳಲ್ಲೆ, ಅಥವಾ ನಮ್ಮ ಕೈಗೆ ಬಂದ ದಿನವೆ?

ಇದು ಬಿಡುವಾಗಿರುವವರ ತರ್ಕ ಎಂದು ವಾಚಕರು ತಿಳಿಯಬಾರದು. ನಮ್ಮ ಮನೆಯಲ್ಲಿ ಇದೇ ಪ್ರಶ್ನೆ ಅಣ್ಣತಮ್ಮಂದಿರ ನಡುವೆ ಸುಮಾರು ಒಂದು ವರ್ಷ ಮಾತು ಕಡಿಮೆಯಾಗುವಂತೆ ಮಾಡಿತು. ಪ್ರಶ್ನೆಯನ್ನು ಎಬ್ಬಿಸಿದ್ದು ಒಂದು ಮೋಟಾರು ಸೈಕಲ್ಲು.

ಅದು ಮೈಸೂರಿನಲ್ಲಿ ತಯಾರಾದ ಜಾವಾ ಗಾಡಿ. ಜಾವಾ ಎಂಬ ಹೆಸರಿಗೂ ಆ ಹೆಸರಿನ ದ್ವೀಪಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರು ಸೈಕಲ್ ತಯಾರಿಸುವ ಹಕ್ಕನ್ನು ಕೊಂಡ. ತನ್ನ ಹೆಸರಿನ ಮೊದಲ ಎರಡಕ್ಷರಕ್ಕೆ ಆ ಕಂಪೆನಿಯ ಹೆಸರಿನ ಮೊದಲ ಎರಡಕ್ಷರವನ್ನು ಸೇರಿಸಿ ತನ್ನ ಗಾಡಿಗೆ ಹೆಸರಿಟ್ಟ. ಚೆಕ್ಕರ ಬಾಯಲ್ಲಿ ಅದು ಯಾವಾ. ನಮ್ಮ ಬಾಯಲ್ಲಿ ಜಾವಾ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯವರು ೧೯೬೧ರಿಂದ ಈ ಗಾಡಿಯನ್ನು ತಯಾರಿಸತೊಡಗಿದರು. ೧೯೭೦ರ ದಶಕದಲ್ಲಿ ಅದರ ಹೆಸರು ಯೆಜ್ಡಿ ಎಂದಾಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಅಷ್ಟರೊಳಗೆ ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ಅದು ಮನೆಯ ಆಳಿನಂತೆ ದುಡಿದಿತ್ತು.

ನಮ್ಮ ಗಾಡಿ ೧೯೬೩ರದು. ನಮ್ಮ ತಂದೆಯವರ ಕೈಗೆ ಬಂದದ್ದು ೧೯೬೮ರಲ್ಲಿ. ಅಂದರೆ ಅಪ್ಪನಿಗೂ ಅದು ಹಳೆಯ ಗಾಡಿಯೇ. ರಾಜಾಜಿನಗರದ ಕೈಗಾರಿಕಾ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಟರ್ನರ್ ಆಗಿದ್ದರು. ಹೊಸ ಗಾಡಿ ಕೊಳ್ಳುವ ಸಂಬಳವಲ್ಲ. ಅವರ ಸಾಮರ್ಥ್ಯವೆಲ್ಲ ಇದ್ದದ್ದು ಲೇತಿನ ಮುಂದೆ ನಿಂತ ಎರಡು ಕೈಗಳಲ್ಲಿ. ಕಬ್ಬಿಣವನ್ನೋ ಹಿತ್ತಾಳೆಯನ್ನೋ ಅವರ ಕೈಗೆ ಕೊಟ್ಟರೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಿಲ್ಲದೆ ಬೇಕಾದ ಆಕಾರಕ್ಕೆ ತರುತ್ತಿದ್ದರು. ಆದ್ದರಿಂದ ಆ ಗಾಡಿ ನಮ್ಮ ಮನೆಯಲ್ಲಿ ಹೆಚ್ಚು ದಿನ ಕಾರ್ಖಾನೆಯ ಗಾಡಿಯಾಗಿ ಉಳಿಯಲಿಲ್ಲ.

ಮೊದಲನೆಯ ಬದಲಾವಣೆ ೧೯೬೯ರಲ್ಲಿ ಆಯಿತು. ಮಾಗಡಿ ರಸ್ತೆಯ ಟೋಲ್‌ಗೇಟಿನ ಬಳಿ ಅಮ್ಮನ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿತು. ಗಾಡಿ ನಿಧಾನವಾಗಿ ಹೋಗುತ್ತಿದ್ದುದರಿಂದ ಮೊಣಕೈ ತರಚಿದ್ದಕ್ಕೇ ಮುಗಿಯಿತು. ಮುಂದಿನ ಭಾನುವಾರ ಅಪ್ಪ ಕಬ್ಬಿಣದ ಸರಳುಗಳನ್ನು ಬಗ್ಗಿಸಿ ಚಕ್ರಕ್ಕೊಂದು ಜಾಲರಿ ಮಾಡಿದರು. ಒಂದು ಕಡೆಗೆ ಕಾಲಿಳಿಬಿಟ್ಟು ಕೂರುವ ಅಮ್ಮನ ಎರಡು ಪಾದಗಳೂ ನೆಮ್ಮದಿಯಾಗಿ ನಿಲ್ಲುವಷ್ಟು ಅಗಲದ ಒಂದು ಹಲಗೆಯನ್ನು ಗಾಡಿಯ ಚೌಕಟ್ಟಿಗೇ ಬೆಸುಗೆ ಹಾಕಿದರು. ಮುಂದೆ ಇಪ್ಪತ್ತು ವರ್ಷ ಕಳೆದು ೧೯೮೯ರಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ೧೨೩ನೆಯ ನಿಯಮ, ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಆಸರೆ, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇವು ಇಲ್ಲದೆ ಮೋಟಾರು ಸೈಕಲ್ಲನ್ನು ತಯಾರಿಸಕೂಡದೆಂದು ಹೇಳಿತು. ಒಬ್ಬ ಟರ್ನರನಿಗೆ ಹೆಂಡತಿಯ ತರಚಿದ ಮೊಣಕೈ ನೋಡಿ ಹೊಳೆದದ್ದು ಸರ್ಕಾರಕ್ಕೂ ಹೊಳೆಯಿತು ಎಂದು ನಾವು ಮನೆಯಲ್ಲಿ ತಮಾಷೆ ಮಾಡುತ್ತಿದ್ದೆವು.

ಆಮೇಲಿನವು ಒಂದೊಂದಾಗಿ ಬಂದವು. ಕಾರ್ಖಾನೆಯಲ್ಲಿ ಎಡಭುಜಕ್ಕೆ ಪೆಟ್ಟು ಬಿದ್ದು ಕೈ ಚಾಚುವುದು ಕಷ್ಟವಾದಾಗ ಹ್ಯಾಂಡಲನ್ನು ತಮ್ಮ ಕಡೆಗೆ ಬಗ್ಗಿಸಿ ಬೇರೆ ಮಾಡಿಕೊಂಡರು. ಅಕ್ಕಿ ಮೂಟೆಗೆಂದು ಹಿಂದೆ ಒಂದು ಕ್ಯಾರಿಯರ್ ಬಂತು. ಕನೆಕ್ಟಿಂಗ್ ರಾಡಿನ ಮೇಲ್ತುದಿಯ ಬುಷ್ ಸವೆದಾಗ ಕಂಚಿನಲ್ಲಿ ಹೊಸದನ್ನು ತಾವೇ ಕಡೆದರು. ಚೆಕ್ ದೇಶದ ಜಿಕೋವ್ ಕಾರ್ಬುರೇಟರ್ ಸವೆದು ಬೇರೆ ಸಿಕ್ಕದಿದ್ದಾಗ ಗುಜರಿಯಿಂದ ಯಾವುದೋ ಬೇರೆ ಗಾಡಿಯದನ್ನು ತಂದು ಕೂಡಿಸಿದರು. ಮರೂನ್ ಬಣ್ಣ ತುಕ್ಕಿಗೆ ಸೋತು ಉದುರತೊಡಗಿದಾಗ, ಲೇತ್ ಯಂತ್ರಗಳಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಮೇಸ್ತ್ರಿಯ ಅಪ್ಪಣೆ ಪಡೆದು ತಂದು ಕುಂಚದಿಂದ ಬಳಿದರು. ಹೀಗೆ ಆದ ಗಾಡಿಯ ಮೇಲೆ ನಾನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು, ತಮ್ಮ ಅಮ್ಮನ ಮಡಿಲಲ್ಲಿ ಕೂತು, ಆಗ ಬೆಂಗಳೂರಿನ ಹೊರಗಿನ ಊರಾಗಿದ್ದ ಕೆಂಗೇರಿಗೆ ಎಷ್ಟೋ ಸಲ ಹೋಗಿದ್ದೇವೆ. ಎಂಜಿನ್ನಿನ ಎರಡು ಕೊಳವೆಗಳಿಂದ ಬರುತ್ತಿದ್ದ ಆ ಡುಬುಡುಬು ಶಬ್ದ ಬೀದಿಯ ತಿರುವಿನಲ್ಲಿ ಕೇಳಿದೊಡನೆ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

ಅಪ್ಪ ೨೦೧೧ರಲ್ಲಿ ತೀರಿಕೊಂಡರು. ರಾಜಾಜಿನಗರದ ಹಳೆಯ ಮನೆಯಲ್ಲಿ ನಾನಿರುವುದರಿಂದ ಗಾಡಿಯೂ ಅಲ್ಲೇ ಉಳಿಯಿತು. ಅದನ್ನು ನೋಡಿಕೊಳ್ಳುವ ಕೆಲಸ ನನ್ನದಾಯಿತು. ಎರಡು ಸ್ಟ್ರೋಕಿನ ಎಂಜಿನ್ನು ಬಹಳ ಸರಳವಾದದ್ದು. ಕವಾಟಗಳಿಲ್ಲ, ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿಗೇ ಲೀಟರಿಗೆ ೪೦ ಮಿಲಿಯಂತೆ ಎಣ್ಣೆ ಬೆರೆಸಬೇಕು. ಸೈಲೆನ್ಸರಿನೊಳಗೆ ಕಟ್ಟುವ ಮಸಿಯನ್ನು ಆಗಾಗ ತೆಗೆಯಬೇಕು. ಕಿಡಿ ಕೊಡುವ ಪಾಯಿಂಟುಗಳ ನಡುವಣ ಸಂದು ಸವೆಯುತ್ತ ಬದಲಾಗುವುದನ್ನು ನೋಡಿ ಸರಿಪಡಿಸಬೇಕು. ಗಾಡಿ ಹೂಡುವುದಕ್ಕೂ ಗೇರು ಬದಲಾಯಿಸುವುದಕ್ಕೂ ಇರುವುದು ಎಡಗಡೆಯ ಒಂದೇ ಸನ್ನೆ. ಅದರ ವರಸೆ ಕಾಲಿಗೆ ಹತ್ತಬೇಕು. ಇಷ್ಟು ಮಾಡಿದರೆ ಅದು ಓಡುತ್ತದೆ. ಮಾಡದಿದ್ದರೆ ಓಡುವುದಿಲ್ಲ. ಮನುಷ್ಯರಲ್ಲಿ ಇಷ್ಟು ನೇರವಾದ ನಡವಳಿಕೆ ಅಪರೂಪ.

ಜಗಳ ಶುರುವಾದದ್ದು ತಮ್ಮನ ಒಳ್ಳೆಯ ಮನಸ್ಸಿನಿಂದ. ಕೆಂಗೇರಿ ಉಪನಗರದಲ್ಲಿರುವ ಅವನು ಹಳೆಯ ಗಾಡಿಗಳನ್ನು ಕಾರ್ಖಾನೆಯಿಂದ ಬಂದ ಮೊದಲ ರೂಪಕ್ಕೆ ತರುವ ಒಬ್ಬ ನಿಪುಣರನ್ನು ಕರೆತಂದ. ಬೆಂಗಳೂರಿನಲ್ಲಿ ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಇಂಥ ಗಾಡಿಗಳವರು ಸೇರುತ್ತಾರೆ. ಅಲ್ಲಿ ಮರೂನ್ ಬಣ್ಣ, ಚಿನ್ನದ ಗೆರೆ, ಮಿನುಗುವ ಸೈಲೆನ್ಸರುಗಳೊಡನೆ ಮದುಮಕ್ಕಳಂತೆ ನಿಂತಿದ್ದ ಗಾಡಿಗಳನ್ನು ನೋಡಿ ಬಂದಿದ್ದ. ಬಂದವರು ನಮ್ಮ ಗಾಡಿಯನ್ನು ಸುತ್ತ ನೋಡಿ, ಚೌಕಟ್ಟೂ ಎಂಜಿನ್ನೂ ಮೂಲದವೇ, ಹಲಗೆ ಜಾಲರಿ ಕ್ಯಾರಿಯರ್ ಹ್ಯಾಂಡಲ್ ತೆಗೆದುಹಾಕಿದರೆ ಒಳ್ಳೆಯ ಗಾಡಿಯಾಗುತ್ತದೆ ಎಂದರು. ತಮ್ಮ ತನ್ನ ಖರ್ಚಿನಲ್ಲೇ ಮಾಡಿಸುವುದಾಗಿ ಹೇಳಿದ. ನಾನು ಬೇಡವೆಂದೆ.

ಅವನ ಕಡೆಗೆ ಸರ್ಕಾರದ ನಿಯಮವೂ ಇತ್ತು. ೨೦೨೧ರಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆಂದು ಬೇರೆ ನೋಂದಣಿಯನ್ನು ತಂದಿತು. ಮೊದಲ ನೋಂದಣಿಯಾಗಿ ೫೦ ವರ್ಷ ದಾಟಿರಬೇಕು, ಮೂಲರೂಪದಲ್ಲಿಯೇ ಕಾಪಾಡಿರಬೇಕು, ಚೌಕಟ್ಟು, ಮೈ, ಎಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಟು ಆಗಿರಬಾರದು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ. ಆದರೆ ಹಾಗೆ ನೋಂದಣಿಯಾದ ಗಾಡಿಯನ್ನು ದಿನಬಳಕೆಗೆ ರಸ್ತೆಗೆ ತರುವ ಹಾಗಿಲ್ಲ; ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ತರಬಹುದು. ಗೌರವ ಬೇಕಾದರೆ ಬಳಕೆಯನ್ನು ಬಿಡಬೇಕು. ಮನೆಯ ಮುದುಕರಿಗೂ ನಾವು ಕೆಲವು ಸಲ ಇದೇ ಷರತ್ತಿನ ಮೇಲೆ ಗೌರವ ಕೊಡುವುದುಂಟು. ಒಳ್ಳೆಯ ಪಂಚೆ ಉಡಿಸಿ ಕುರ್ಚಿಯ ಮೇಲೆ ಕೂರಿಸಿ, ಕೆಲಸಕ್ಕೆ ಕೈ ಹಾಕಿದರೆ ನಿಮಗೇಕೆ ಎನ್ನುತ್ತೇವೆ.

ಈ ಗೊಂದಲದಲ್ಲಿ ನಾನು ದೊಡ್ಡವರು ಏನು ಹೇಳಿದ್ದಾರೆಂದು ಹುಡುಕಿಕೊಂಡು ಹೋದೆ. ಭಾಗಗಳೆಲ್ಲ ಬದಲಾದ ವಸ್ತು ಅದೇ ವಸ್ತುವೆ ಎಂಬ ಪ್ರಶ್ನೆ ಹಳೆಯದು. ಗ್ರೀಕರ ವೀರ ಥೀಸಿಯಸನ ಹಡಗನ್ನು ಅಥೆನ್ಸಿನವರು ಬಹುಕಾಲ ಕಾಪಾಡಿದರಂತೆ. ಕೊಳೆತ ಹಲಗೆಗಳನ್ನು ತೆಗೆದು ಹೊಸ ಹಲಗೆ ಹಾಕುತ್ತ ಹೋದರಂತೆ. ಅದು ಅದೇ ಹಡಗು ಎಂದು ಕೆಲವರು, ಅಲ್ಲವೆಂದು ಕೆಲವರು ವಾದಿಸುತ್ತಿದ್ದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಹದಿನೇಳನೆಯ ಶತಮಾನದ ಹಾಬ್ಸ್ ಇನ್ನೊಂದು ಗಂಟು ಹಾಕಿದ: ತೆಗೆದ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟುಕೊಂಡು ಅದೇ ಕ್ರಮದಲ್ಲಿ ಜೋಡಿಸಿದರೆ ಎರಡು ಹಡಗುಗಳಲ್ಲಿ ಯಾವುದು ಥೀಸಿಯಸನದು? ನಮ್ಮಲ್ಲಿ ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ, ಅಚ್ಚು ರಥವಲ್ಲ, ಗಾಲಿ ರಥವಲ್ಲ, ಇವೆಲ್ಲ ಸೇರಿದಾಗ ವ್ಯವಹಾರಕ್ಕಾಗಿ ರಥವೆಂದು ಕರೆಯುತ್ತೇವೆ ಅಷ್ಟೆ ಎಂದು ತೋರಿಸಿಕೊಟ್ಟ. ಪುರಿಯಲ್ಲಿ ಅಧಿಕ ಆಷಾಢ ಬಂದ ಕೆಲವು ವರ್ಷಗಳಲ್ಲಿ ಜಗನ್ನಾಥನ ಮರದ ವಿಗ್ರಹವನ್ನೇ ಹೊಸದಾಗಿ ಮಾಡುತ್ತಾರೆ. ೧೯೯೬ರಲ್ಲಿ ಆಯಿತು, ೨೦೧೫ರಲ್ಲಿ ಆಯಿತು. ಮರ ಹೊಸದು, ದೇವರು ಅವನೇ. ಭಕ್ತರಿಗೆ ಅದರಲ್ಲಿ ಸಂಶಯವೇ ಇಲ್ಲ. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ೨೦೧೮ರಲ್ಲಿ ಬೇರೊಂದು ಕಂಪೆನಿಯವರು ಜಾವಾ ಎಂಬ ಹೆಸರಿನಿಂದಲೇ ಹೊಸ ಗಾಡಿಯನ್ನು ಹೊರತಂದರು. ರೂಪದಲ್ಲಿ ಹಳೆಯದರ ನೆರಳಿದೆ, ಒಳಗಿರುವುದು ನಾಲ್ಕು ಸ್ಟ್ರೋಕಿನ ಬೇರೆಯೇ ಎಂಜಿನ್ನು.

ಇವೆಲ್ಲ ಬುದ್ಧಿಗೆ ರುಚಿಯಾಗಿವೆ. ನನ್ನ ತೊಡಕನ್ನು ಮಾತ್ರ ಬಿಡಿಸಲಿಲ್ಲ. ಯೋಚಿಸಿದಾಗ ಕಾರಣ ತಿಳಿಯಿತು. ಹಡಗಿನ ವಿಷಯ ವಾದಿಸಿದವರೆಲ್ಲ ದಡದಲ್ಲಿ ನಿಂತವರು. ಹಲಗೆ ಬದಲಾಯಿಸುತ್ತಿದ್ದ ಬಡಗಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನು ಇದು ಅದೇ ಹಡಗೋ ಅಲ್ಲವೋ ಎಂಬುದಕ್ಕಿಂತ, ಯಾವ ಹಲಗೆ ಇನ್ನೂ ನೀರು ತಡೆಯುತ್ತದೆ, ಯಾವುದನ್ನು ಇವತ್ತೇ ತೆಗೆಯಬೇಕು ಎಂಬುದನ್ನು ಹೇಳುತ್ತಿದ್ದ. ರಿಪೇರಿ ಮಾಡುವವನ ಮುಂದೆ ಇರುವ ಪ್ರಶ್ನೆ ಕರ್ತವ್ಯದ್ದು. ಇದು ಏನು ಎಂಬುದಲ್ಲ, ಇದಕ್ಕೆ ನಾನು ಏನು ಮಾಡಬೇಕು ಎಂಬುದು.

ಆ ಪ್ರಶ್ನೆಗೆ ನಮ್ಮ ಹಿರಿಯರ ಕಲ್ಲುಬರಹಗಳೇ ಹೆಚ್ಚು ಹತ್ತಿರವೆಂದು ನನಗೆ ತೋರಿತು. ಕನ್ನಡನಾಡಿನ ದಾನಶಾಸನಗಳಲ್ಲಿ ದೇವಾಲಯಕ್ಕೆ ಭೂಮಿ ಬಿಡುವಾಗ ಪೂಜೆಗೆ, ನೈವೇದ್ಯಕ್ಕೆ ಎಂಬುದರ ಜೊತೆಯಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮುರಿದದ್ದನ್ನು, ಬಿರುಕುಬಿಟ್ಟದ್ದನ್ನು, ಹಳತಾದದ್ದನ್ನು ಎತ್ತಿ ನಿಲ್ಲಿಸುವುದಕ್ಕೆ ಎಂದು ಅರ್ಥ. ಗುಡಿ ಕಟ್ಟಿ ಇನ್ನೂ ಗಾರೆ ಒಣಗಿರದ ದಿನವೇ ಅದು ಬಿರುಕುಬಿಡುತ್ತದೆಂದು ಅವರಿಗೆ ಗೊತ್ತಿತ್ತು. ಅದಕ್ಕೆ ಗದ್ದೆಯನ್ನೂ ಎತ್ತಿಟ್ಟರು. ಶಾಸನಗಳ ಕೊನೆಯಲ್ಲಿ ಇನ್ನೊಂದು ಮಾತು ಬರುವುದುಂಟು: ತಾನು ಕೊಟ್ಟದ್ದಕ್ಕಿಂತ ಮತ್ತೊಬ್ಬರು ಕೊಟ್ಟದ್ದನ್ನು ಕಾಪಾಡುವುದು ಇಮ್ಮಡಿ ಪುಣ್ಯ ಎಂದು. ಕಟ್ಟುವವನಿಗೆ ಹೆಸರು ಬರುತ್ತದೆ, ಕಾಪಾಡುವವನಿಗೆ ಬರುವುದಿಲ್ಲ. ಪುಣ್ಯವನ್ನಾದರೂ ಇಮ್ಮಡಿ ಮಾಡೋಣವೆಂದು ಹಿರಿಯರು ನಿಶ್ಚಯಿಸಿದರೋ ಏನೋ.

ಆದರೆ ಜೀರ್ಣೋದ್ಧಾರವೆಂಬ ಈ ಮಾತಿನ ಹೆಸರಿನಲ್ಲೇ ಕಲ್ಲಿನ ಗೋಡೆಗೆ ಎಣ್ಣೆಬಣ್ಣ ಬಳಿದು, ಸವೆದ ಚಪ್ಪಡಿಯ ಮೇಲೆ ಹೊಳೆಯುವ ಟೈಲ್ಸು ಹಾಸಿದ ಗುಡಿಗಳನ್ನೂ ನಾವು ಕಂಡಿದ್ದೇವೆ. ತಲೆತಲೆಮಾರಿನ ಪಾದಗಳು ಸವೆಸಿದ ಮೆಟ್ಟಿಲನ್ನು ಕಿತ್ತು ಹೊಸದು ಹಾಕುವವನು, ಮೆಟ್ಟಿಲು ಕಡೆದ ಶಿಲ್ಪಿಗೆ ಮರ್ಯಾದೆ ತೋರುತ್ತಿದ್ದೇನೆಂದು ತಿಳಿದಿರುತ್ತಾನೆ. ಹತ್ತಿಳಿದವರ ಮರ್ಯಾದೆ ಏನಾಯಿತು? ತಮ್ಮನಿಗೆ ನಾನು ಹೇಳಿದ್ದು ಇದನ್ನೇ. ಕಾರ್ಖಾನೆಯ ಗಾಡಿ ಬೇಕಾದರೆ ಯಾರ ಮನೆಯಲ್ಲಾದರೂ ಇರುತ್ತದೆ. ನಮ್ಮದರಲ್ಲಿ ನಮ್ಮದೆನ್ನುವುದು ಅಪ್ಪ ಮಾಡಿದ ಬದಲಾವಣೆ ಮಾತ್ರ. ಅದನ್ನು ತೆಗೆದರೆ ಅಪ್ಪನ ನೆನಪಿಗೆಂದು ಅಪ್ಪನನ್ನೇ ತೆಗೆದಂತಾಗುತ್ತದೆ.

ಅದಕ್ಕೆ ಅವನು ಕೊಟ್ಟ ಉತ್ತರ ನನ್ನನ್ನು ಬಹಳ ದಿನ ಕಾಡಿತು. "ಅಣ್ಣ, ಅಪ್ಪ ಆ ಹಸಿರು ಬಣ್ಣ ಇಷ್ಟಪಟ್ಟು ಬಳಿದರು ಅಂತ ತಿಳಿದಿದ್ದೀಯಾ? ದುಡ್ಡಿರಲಿಲ್ಲ, ಬಳಿದರು. ಆ ಕಾರ್ಬುರೇಟರನ್ನು ಅವರು ಬೈಯದ ದಿನವೇ ಇಲ್ಲ. ಅವರ ಕಷ್ಟಾನ ನೀನು ಗಾಜಿನ ಪೆಟ್ಟಿಗೇಲಿ ಇಡ್ತೀನಿ ಅಂತೀಯ. ಅವರಿಗೆ ಕೈಲಾಗದ್ದನ್ನು ನಾನು ಮಾಡಿಸ್ತೀನಿ ಅಂತೀನಿ. ಇದರಲ್ಲಿ ತಪ್ಪೇನು?"

ತಪ್ಪೇನೂ ಇರಲಿಲ್ಲ. ಬಡತನ ಮಾಡಿಸಿದ ಹೊಂದಿಕೆಗಳನ್ನು, ಈಗ ಹೊಟ್ಟೆ ತುಂಬಿದ ನಾವು ಸೊಗಸೆಂದು ಕರೆಯುವುದರಲ್ಲಿ ಒಂದು ಬಗೆಯ ಕ್ರೌರ್ಯವಿದೆ. ಹರಕು ಪಂಚೆಯಲ್ಲಿ ಬಾಳಿದ ತಂದೆಯ ಚಿತ್ರವನ್ನು ಹರಕು ಪಂಚೆಯಲ್ಲೇ ಬರೆಸಬೇಕೆನ್ನುವ ಮಗನ ಪಿತೃಭಕ್ತಿಯನ್ನು ಯಾರು ಮೆಚ್ಚುತ್ತಾರೆ? ಆದರೂ ಹಲಗೆಯೂ ಕಾರ್ಬುರೇಟರೂ ಒಂದೇ ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಬರಲಿಲ್ಲ. ಎರಡನ್ನೂ ಮಾಡಿದ್ದು ಅಪ್ಪನೇ. ಎರಡಕ್ಕೂ ಹಿಂದೆ ಕೊರತೆ ಇತ್ತು. ವ್ಯತ್ಯಾಸ ಎಲ್ಲಿದೆ?

ಬಿಡಿಸಿದವರು ಅಮ್ಮ. ಅವರಿಗೆ ಈಗ ಎಂಬತ್ತು ದಾಟಿದೆ. ಗಾಡಿ ಹತ್ತಿ ಎಷ್ಟೋ ವರ್ಷವಾಯಿತು. ನಾವಿಬ್ಬರೂ ಅಪ್ಪನ ಇಷ್ಟ, ಅಪ್ಪನ ಇಷ್ಟ ಎಂದು ವಾದಿಸುತ್ತಿದ್ದಾಗ, ಆ ಗಾಡಿಯ ಮೇಲೆ ಮೂವತ್ತು ವರ್ಷ ಕೂತವರನ್ನು ಕೇಳಬೇಕೆಂದು ಇಬ್ಬರಿಗೂ ತೋಚಿರಲಿಲ್ಲ. ಅವರು ಸೊಪ್ಪು ಬಿಡಿಸುತ್ತಲೇ ಹೇಳಿದರು: "ಆ ಹಸಿರು ನನಗೆ ಎಂದೂ ಹಿಡಿಸಲಿಲ್ಲ ಕಣೋ. ನಿಮ್ಮಪ್ಪನಿಗೂ ಹಿಡಿಸಿರಲಿಲ್ಲ. ಬಳಿದ ಮೇಲೆ ಹೇಗಿದೆ ಅಂತ ಕೇಳಿದರು, ಚೆನ್ನಾಗಿದೆ ಅಂದೆ. ಬೇರೆ ಏನನ್ನಲಿ? ಹಲಗೆ ಮಾತ್ರ ತೆಗೀಬೇಡಿ. ಅದು ನನ್ನದು."

ಅದು ನನ್ನದು ಎಂಬ ಮಾತಿನಲ್ಲಿ ನನಗೆ ಬೇಕಾದ ವ್ಯತ್ಯಾಸವಿತ್ತು. ಕಾರ್ಬುರೇಟರು ಒಂದು ವಸ್ತು ಇಲ್ಲದ್ದಕ್ಕೆ ಬಂದದ್ದು. ಆ ವಸ್ತು ಸಿಕ್ಕಿದ ದಿನ ಅದರ ಕೆಲಸ ತೀರಿತು. ಹಲಗೆ ಒಬ್ಬ ವ್ಯಕ್ತಿ ಇದ್ದದ್ದಕ್ಕೆ ಬಂದದ್ದು. ಹಣವಿದ್ದಿದ್ದರೆ ಅಪ್ಪ ಹಸಿರು ಬಣ್ಣ ಬಳಿಯುತ್ತಿರಲಿಲ್ಲ. ಹಣವಿದ್ದಿದ್ದರೂ ಆ ಹಲಗೆಯನ್ನು ಮಾಡಿಯೇ ಮಾಡುತ್ತಿದ್ದರು, ಪ್ರಾಯಶಃ ಇನ್ನೂ ಚೆನ್ನಾಗಿ. ನಾವು ಕಾಪಾಡಬೇಕಾದದ್ದು ಈ ಎರಡನೆಯ ಬಗೆಯದನ್ನು. ಒಂದನೆಯ ಬಗೆಯದನ್ನು ತೆಗೆಯುವುದು ಅಪ್ಪನಿಗೆ ಮಾಡುವ ಅಪಚಾರವಲ್ಲ, ಅವರ ಬಾಕಿಯನ್ನು ತೀರಿಸಿದಂತೆ. ಹೀಗೆ ನೋಡಿದಾಗ ಜಗಳದಲ್ಲಿ ಇಬ್ಬರಿಗೂ ಅರ್ಧರ್ಧ ಗೆಲುವಾಯಿತು. ಗಾಡಿ ಮತ್ತೆ ಮರೂನ್ ಬಣ್ಣ ಪಡೆಯಿತು. ತಮ್ಮ ಎಲ್ಲೆಲ್ಲೋ ಹುಡುಕಿ ಒಂದು ಜಿಕೋವ್ ಕಾರ್ಬುರೇಟರ್ ತಂದ. ಹಲಗೆ, ಜಾಲರಿ, ಕಂಚಿನ ಬುಷ್, ಬಗ್ಗಿದ ಹ್ಯಾಂಡಲು ಉಳಿದವು. ಹೊಸ ನೋಂದಣಿಯ ಆಸೆ ಬಿಟ್ಟೆವು. ಐದು ವರ್ಷಕ್ಕೊಮ್ಮೆ ಹಳೆಯ ನೋಂದಣಿಯನ್ನೇ ನವೀಕರಿಸಿಕೊಳ್ಳುತ್ತೇವೆ.

ಮಾಡಬೇಕಾದದ್ದು ಏನೆಂದು ತಿಳಿದ ಮೇಲೂ ಎಷ್ಟು ಮಾಡಬಹುದು ಎಂಬುದೊಂದು ಉಳಿಯುತ್ತದೆ. ಇದನ್ನು ನನಗೆ ಕಲಿಸಿದವರು ಕಾಮಾಕ್ಷಿಪಾಳ್ಯದ ಒಬ್ಬ ಬೋರಿಂಗ್ ಮೇಸ್ತ್ರಿ. ಎಂಜಿನ್ನಿನ ಸಿಲಿಂಡರು ಸವೆದಾಗ ಒಳಮೈಯನ್ನು ತುಸು ಕೊರೆದು ನುಣುಪು ಮಾಡಿ, ಅಷ್ಟೇ ದಪ್ಪನಾದ ಪಿಸ್ಟನ್ ಹಾಕುತ್ತಾರೆ. ಈ ಗಾಡಿಯ ಸಿಲಿಂಡರಿನ ವ್ಯಾಸ ಹೊಸದರಲ್ಲಿ ೬೫ ಮಿಲಿಮೀಟರು. ಒಂದೊಂದು ಸಲಕ್ಕೆ ಕಾಲು ಮಿಲಿಮೀಟರಿನಂತೆ ಹಿಗ್ಗಿಸುತ್ತ ಹೋಗುವುದು ಪದ್ಧತಿ. ಅಪ್ಪನ ಕಾಲದಲ್ಲಿ ಎರಡು ಸಲ ಆಗಿತ್ತು. ಓಟದಲ್ಲಿ ಸ್ವಲ್ಪ ಸೋತಂತೆ ಕಂಡದ್ದರಿಂದ ಇನ್ನೊಂದು ಸಲ ಮಾಡಿಸೋಣವೆಂದು ಹೋದೆ. ಮೇಸ್ತ್ರಿ ಅಳತೆ ನೋಡಿ ಬೇಡವೆಂದರು. "ಇದು ಕೂದಲು ಕತ್ತರಿಸಿದ ಹಾಗಲ್ಲ ಸ್ವಾಮಿ, ಬೆರಳು ಕತ್ತರಿಸಿದ ಹಾಗೆ. ಮತ್ತೆ ಬೆಳೆಯೋದಿಲ್ಲ. ಇನ್ನೂ ಓಡ್ತದೆ, ರಿಂಗ್ ಬದಲಾಯಿಸ್ಕೊಂಡು ಓಡಿಸಿ. ಮುಂದಿನೋರಿಗೂ ಒಂದೆರಡು ಬೋರು ಇರಲಿ." ಬಂದ ಗಿರಾಕಿಯ ಹಣ ಬಿಟ್ಟು, ಹುಟ್ಟಿದ್ದಾರೋ ಇಲ್ಲವೋ ಎಂಬ ಮುಂದಿನವರ ಪಾಲನ್ನು ನೋಡಿದ ಆ ಮಾತು ನನಗೆ ಯಾವ ಪ್ರವಚನಕ್ಕಿಂತಲೂ ದೊಡ್ಡದಾಗಿ ಕೇಳಿಸಿತು. ಬಣ್ಣವನ್ನು ಮತ್ತೆ ಬಳಿಯಬಹುದು, ಬೋಲ್ಟನ್ನು ಮತ್ತೆ ಬಿಚ್ಚಬಹುದು. ಕೊರೆದ ಉಕ್ಕು ತಿರುಗಿ ಬರುವುದಿಲ್ಲ. ತಿರುಗಿ ಬರುವಂಥದ್ದನ್ನು ಧಾರಾಳವಾಗಿ, ತಿರುಗಿ ಬಾರದ್ದನ್ನು ಜಿಪುಣತನದಿಂದ ಮಾಡಬೇಕು. ಕೆರೆ, ಕಾಡು, ಬಾವಿಯ ನೀರು ಇವುಗಳ ವಿಷಯದಲ್ಲಿ ನಮ್ಮ ನಗರ ಈ ಮೇಸ್ತ್ರಿಯ ಮಾತನ್ನು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು.

ನಗರದ ಮಾತು ಬಂದಾಗ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಎರಡು ಸ್ಟ್ರೋಕಿನ ಎಂಜಿನ್ನು ಎಣ್ಣೆಯನ್ನೂ ಸುಡುತ್ತದೆ. ಅರ್ಧ ಉರಿದ ಪೆಟ್ರೋಲನ್ನೂ ಹೊರಕ್ಕೆ ಉಗುಳುತ್ತದೆ. ಬೆಂಗಳೂರಿನಲ್ಲಿ ವಾಹನಗಳ ಸಂಖ್ಯೆ ೧ ಕೋಟಿ ದಾಟಿದೆ. ವಿಜಯನಗರದ ಸಿಗ್ನಲ್ಲಿನಲ್ಲಿ ನನ್ನ ಹಿಂದೆ ನಿಂತ ಸ್ಕೂಟರಿನ ಮೇಲೆ ಒಂದು ಮಗುವಿರುತ್ತದೆ. ನನ್ನ ಪಿತೃಭಕ್ತಿಯ ಹೊಗೆಯನ್ನು ಆ ಮಗು ಏಕೆ ಕುಡಿಯಬೇಕು? ಕೋಟಿ ಗಾಡಿಗಳ ನಡುವೆ ನನ್ನದೊಂದು ಎಷ್ಟರದು ಎನ್ನಬಹುದು. ಅದು ಕೋಟಿ ಜನರೂ ಹೇಳಬಹುದಾದ ಮಾತು. ಪರಂಪರೆಯ ಹೆಸರಿನಲ್ಲಿ ನಾವು ಉಳಿಸಿಕೊಂಡದ್ದರ ಖರ್ಚನ್ನು ಬೇರೆಯವರು ಕೊಡುತ್ತಿದ್ದರೆ ಅದು ಪರಂಪರೆಯಲ್ಲ, ಸಾಲ. ಸೈಲೆನ್ಸರಿನ ಮಸಿ ತೆಗೆದು, ಎಣ್ಣೆಯನ್ನು ಅಳೆದು ಹಾಕಿ, ಭಾನುವಾರ ಬೆಳಗಿನ ಹೊತ್ತು ಮಾತ್ರ, ರಸ್ತೆ ಬರಿದಾಗಿರುವಾಗ, ಸ್ವಲ್ಪ ದೂರ ಹೋಗಿ ಬರುತ್ತೇನೆ. ದಿನದ ಕೆಲಸಕ್ಕೆ ಮೆಟ್ರೋ ಇದೆ. ಇದು ಆಕ್ಷೇಪಕ್ಕೆ ಪೂರ್ತಿ ಸಮಾಧಾನವಲ್ಲ. ಅಪ್ಪನ ಋಣಕ್ಕೂ ಬೀದಿಯ ಋಣಕ್ಕೂ ನಡುವೆ ನಾನು ಮಾಡಿಕೊಂಡ ರಾಜಿ ಅಷ್ಟೆ. ಯಾವ ದಿನ ಆ ಹೊಗೆಯನ್ನು ಹಿಡಿತದಲ್ಲಿಡುವುದು ನನ್ನ ಕೈ ಮೀರುತ್ತದೋ ಆ ದಿನ ಗಾಡಿ ನಿಲ್ಲಬೇಕಾದದ್ದೇ.

ನಿಯಮಗಳನ್ನು ಮಾಡಿಕೊಂಡವನಿಗೆ ಪರೀಕ್ಷೆಯೂ ಬರುತ್ತದೆ. ತಮ್ಮನ ಮಗಳಿಗೆ ಇಪ್ಪತ್ತನಾಲ್ಕು ವರ್ಷ. ಗಾಡಿಯನ್ನು ಅವಳು ಕಲಿತಳು. ಆ ಒಂದೇ ಸನ್ನೆಯ ವರಸೆಯನ್ನು ನನಗಿಂತ ಬೇಗ ಹಿಡಿದಳು. ಒಂದು ದಿನ ಬಂದು, "ದೊಡ್ಡಪ್ಪ, ನನಗೆ ಕಾಲು ಸರಿಯಾಗಿ ನೆಲಕ್ಕೆ ಎಟುಕೋದಿಲ್ಲ. ಸೀಟು ತಗ್ಗಿಸಬೇಕು. ಆ ಹ್ಯಾಂಡಲು ತಾತನ ಭುಜಕ್ಕೆ ಸರಿ, ನನ್ನ ಕೈಗೆ ಅದು ಅಡ್ಡ. ಬದಲಾಯಿಸಲಾ?" ಎಂದಳು. ನನ್ನೊಳಗೆ ಏನೋ ಚುರುಕ್ಕೆಂದಿತು. ಅಪ್ಪನ ನೋವಿನ ಭುಜಕ್ಕೆ ಹೊಂದಿಕೊಂಡಿದ್ದ ಹ್ಯಾಂಡಲು!

ಆದರೆ ನಾನು ತಮ್ಮನೆದುರು ವಾದಿಸಿದ್ದೇನು? ಗಾಡಿಯ ಮೇಲೆ ಕೂರುವವರಿಗಾಗಿ ಮಾಡಿದ ಬದಲಾವಣೆಗೇ ಬೆಲೆ ಎಂದಲ್ಲವೆ? ಅಪ್ಪನಿಗೆ ಆ ಹಕ್ಕು ಎಲ್ಲಿಂದ ಬಂತು? ಅವರೇನೂ ಗಾಡಿಯ ಮೊದಲ ಒಡೆಯರಲ್ಲ. ಅದನ್ನು ಹತ್ತಿದರು, ಓಡಿಸಿದರು, ಕೆಟ್ಟಾಗ ಕೂತು ಸರಿಮಾಡಿದರು. ಹಕ್ಕು ಬಂದದ್ದು ಅದರಿಂದ. ಅದೇ ಹಕ್ಕು ಇವಳಿಗೂ ಬಂದಿದೆ. ಅಪ್ಪನಿಗಿದ್ದ ಸ್ವಾತಂತ್ರ್ಯವನ್ನು ಅಪ್ಪನ ಹೆಸರಿನಲ್ಲೇ ಮೊಮ್ಮಗಳಿಗೆ ಇಲ್ಲವೆನ್ನುವುದು ಯಾವ ನ್ಯಾಯ? ಆಗಲಿ ಎಂದೆ. ಎರಡು ಮಾತು ಮಾತ್ರ ಹೇಳಿದೆ. ಹಳೆಯ ಸೀಟನ್ನು ಕತ್ತರಿಸದೆ ಬೇರೆ ಸೀಟು ಮಾಡಿಸು. ತೆಗೆದದ್ದನ್ನು ಅಟ್ಟದ ಮೇಲಿಡು. ಏಕೆ ಬದಲಾಯಿಸಿದೆ ಎಂದು ಪುಸ್ತಕದಲ್ಲಿ ಬರೆ.

ಪುಸ್ತಕವೆಂದರೆ ಅಪ್ಪ ಇಟ್ಟಿದ್ದ ಲೆಕ್ಕದ ಪುಸ್ತಕ. ಯಾವ ದಿನ ಯಾವ ಭಾಗ ಬದಲಾಯಿತು, ಎಷ್ಟು ಖರ್ಚಾಯಿತು ಎಂದು ಅವರು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಕಾರಣ ಬರೆಯುವ ಅಭ್ಯಾಸ ಅವರಿಗಿರಲಿಲ್ಲ. ಹ್ಯಾಂಡಲು ಬಗ್ಗಿಸಿದ ದಿನ ಪೈಪಿನ ಬೆಲೆ ಮಾತ್ರ ಇದೆ, ಭುಜದ ನೋವಿನ ಮಾತಿಲ್ಲ. ಅಷ್ಟು ಬರೆದಿದ್ದರೆ ನಮ್ಮ ಜಗಳ ಒಂದು ವರ್ಷ ಎಳೆಯುತ್ತಿರಲಿಲ್ಲ. ಮುಂದಿನವರಿಗೆ ನಾವು ವಸ್ತುವನ್ನು ಕೊಡುತ್ತೇವೆ, ಕಾರಣವನ್ನು ಕೊಡುವುದನ್ನು ಮರೆಯುತ್ತೇವೆ. ಕಾರಣ ತಿಳಿಯದವರು ಒಂದೋ ಕುರುಡಾಗಿ ಪೂಜಿಸುತ್ತಾರೆ, ಇಲ್ಲವೆ ಕುರುಡಾಗಿ ಕಿತ್ತೆಸೆಯುತ್ತಾರೆ. ಮನೆಯ ಆಚಾರಗಳ ಗತಿಯೂ ಬಹುಮಟ್ಟಿಗೆ ಇದೇ.

ಅಟ್ಟದ ಮೇಲೆ ಈಗ ಬಿಸ್ಕತ್ತಿನ ಡಬ್ಬಗಳಲ್ಲಿ, ಗೋಣಿಚೀಲದಲ್ಲಿ ಹ್ಯಾಂಡಲು, ಸೀಟು, ಬೈಸಿಕೊಂಡ ಆ ಕಾರ್ಬುರೇಟರು, ಸವೆದ ಪಿಸ್ಟನ್ನುಗಳು ಎಲ್ಲ ಇವೆ; ಒಂದೊಂದಕ್ಕೂ ಚೀಟಿ ಕಟ್ಟಿದ್ದೇನೆ. ಹಾಬ್ಸ್ ಹೇಳಿದ ಎರಡನೆಯ ಹಡಗು ನಮ್ಮ ಅಟ್ಟದಲ್ಲಿ ನಿಧಾನವಾಗಿ ಸಿದ್ಧವಾಗುತ್ತಿದೆ ಎನ್ನಬಹುದು. ಕ್ಯಾರಿಯರಿನ ವಿಚಾರ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅಕ್ಕಿ ಮೂಟೆ ಈಗ ಮನೆ ಬಾಗಿಲಿಗೇ ಬರುತ್ತದೆ, ಅದರ ಕೆಲಸ ತೀರಿತು ಎಂದು ತಮ್ಮ. ಹತ್ತಾರು ವರ್ಷ ಮನೆಮಂದಿಗೆಲ್ಲ ಅನ್ನ ತಂದದ್ದು, ಅದು ವ್ಯಕ್ತಿಗಳಿಗಾಗಿ ಬಂದದ್ದೇ ಎಂದು ನಾನು. ಮುಂದಿನ ಭಾನುವಾರ ಅವನು ಊಟಕ್ಕೆ ಬರುತ್ತಾನೆ. ಆಗ ಮತ್ತೆ ಮಾತಾಡುತ್ತೇವೆ. ಈ ಸಲ ಅಮ್ಮನನ್ನು ಮೊದಲೇ ಕೇಳಿಕೊಂಡು.